ಹಾಜರಿ ಪುಸ್ತಕದಲ್ಲಿ ಇಲ್ಲದ ಹೆಸರು

ನಮ್ಮ ಮಂಜೇಶ್ವರ, ಕುಂಬಳೆ ಕಡೆಯ ಬೀಡಿ ಕಟ್ಟುವ ಮನೆಗಳಲ್ಲಿ ಒಂದು ಪುಸ್ತಕದ ಕತೆ ಎಲ್ಲರಿಗೂ ಗೊತ್ತಿರುವುದೇ. ಪುಸ್ತಕ ಅತ್ತೆಯ ಹೆಸರಿನಲ್ಲಿರುತ್ತದೆ. ಎಲೆ ಕತ್ತರಿಸುವವಳು ಸೊಸೆ, ಕಟ್ಟುವವರು ಅತ್ತೆ ಸೊಸೆ ಇಬ್ಬರೂ. ಶಾಲೆ ಬಿಟ್ಟು ಬಂದ ಹುಡುಗಿಯೂ ಚೀಲ ಇಳಿಸಿ ಸೂಪಿನ ಪಕ್ಕದಲ್ಲಿ ಕೂರುತ್ತಾಳೆ. ಪ್ರಾವಿಡೆಂಟ್ ಫಂಡು ಜಮೆಯಾಗುವುದು ಮಾತ್ರ ಒಬ್ಬಳ ಹೆಸರಿಗೆ. ಉಳಿದವರು ಇಪ್ಪತ್ತು ವರ್ಷ ಕಟ್ಟಿದರೂ ಸರಕಾರದ ಕಣ್ಣಿಗೆ ಬೀಡಿ ಕಾರ್ಮಿಕರಲ್ಲ.

ಇದು ನೆನಪಾದದ್ದು ಇಲ್ಲಲ್ಲ, ದೂರದ ಇಚಲಕರಂಜಿಯಲ್ಲಿ. ಶಾಲೆಗೆ ರಜೆ ಇದ್ದಾಗ ಸಂಬಂಧಿಕರ ಮದುವೆಗೆಂದು ನಿಪ್ಪಾಣಿಗೆ ಹೋಗಿದ್ದೆ. ಅಲ್ಲಿಂದ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆ ಕೈಗೆಟಕುವಷ್ಟು ಹತ್ತಿರ. ಎರಡು ದಿನ ಹೆಚ್ಚು ಉಳಿದು ಇಚಲಕರಂಜಿ, ಕೊಲ್ಹಾಪುರ, ಗಡಹಿಂಗ್ಲಜ ಮೂರನ್ನೂ ನೋಡಿ ಬಂದೆ. ಅಲ್ಲಿ ಕನ್ನಡ ಮಾತನಾಡುವ ಕೂಲಿಕಾರರು ಬಹಳ. ಅವರ ಮತ್ತು ಅಲ್ಲಿಯ ಕಾರ್ಮಿಕ ಇಲಾಖೆಯ ಸಂಬಂಧ ಎಂತಹದು ಎಂಬುದು ನಮ್ಮ ಓದುಗರಿಗೂ ತಿಳಿದಿರಬೇಕಾದ ವಿಷಯವೆಂದು ತೋರಿದ್ದರಿಂದ ಈ ನಾಲ್ಕು ಮಾತು.

ಇಚಲಕರಂಜಿ ಪಂಚಗಂಗಾ ನದಿಯ ದಂಡೆಯ ಊರು. ಸಂಸ್ಥಾನಿಕ ಘೋರ್ಪಡೆ ಮನೆತನದ ನಾರಾಯಣರಾವ್ ಬಾಬಾಸಾಹೇಬರ ಆಶ್ರಯದಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರ್ ಎಂಬವರು ಇಲ್ಲಿ ಮೊದಲ ವಿದ್ಯುತ್ ಮಗ್ಗ ಕೂರಿಸಿದರು. ಒಂದು ಮಗ್ಗ ಸಾವಿರವಾಗಿ, ಹಲವು ಸಾವಿರವಾಗಿ, ಊರು ಬೆಳೆದು 2022ರಲ್ಲಿ ಮಹಾನಗರಪಾಲಿಕೆಯೇ ಆಯಿತು. ಬಸ್ಸಿನಿಂದ ಇಳಿದರೆ ಮೊದಲು ಕಾಣುವುದು ಊರಲ್ಲ, ಕೇಳುವುದು ಸದ್ದು. ಓಣಿ ಓಣಿಯಲ್ಲೂ ತಗಡಿನ ಶೆಡ್ಡು, ಒಳಗೆ ಲಾಳಿ ಬಡಿಯುವ ಖಟಖಟ. ಬಾಗಿಲಲ್ಲಿ ನಿಂತರೂ ಕಿವಿಯ ಹತ್ತಿರ ಬಾಯಿ ತಂದು ಮಾತಾಡಬೇಕು.

ಅಂತಹ ಒಂದು ಶೆಡ್ಡಿನ ಹೊರಗೆ ಚಹಾದ ಅಂಗಡಿಯಲ್ಲಿ ಕನ್ನಡ ಕೇಳಿಸಿತು. ರಾಯಬಾಗದ ಕಡೆಯವರೊಬ್ಬರು, ನನಗಿಂತ ಸ್ವಲ್ಪ ಹಿರಿಯರು. ನಾನು ಕಾಸರಗೋಡಿನ ಶಾಲಾ ಮಾಸ್ತರನೆಂದು ತಿಳಿದ ಮೇಲೆ ಅವರಿಗೆ ಬಹಳ ಖುಷಿ. "ಕೇರಳದಾಗೂ ಕನ್ನಡ ಸಾಲಿ ಐತೇನ್ರಿ ಮಾಸ್ತರ್ರ?" ಎಂದು ಎರಡು ಸಲ ಕೇಳಿದರು. ಐತ್ರಿ ಎಂದೆ.

ಅವರು ನೋಡಿಕೊಳ್ಳುವುದು ಎಂಟು ಮಗ್ಗ, ಪಾಳಿ ಹನ್ನೆರಡು ತಾಸು. ಸಂಬಳ ತಿಂಗಳಿಗಲ್ಲ, ಮೀಟರಿಗೆ ಇಷ್ಟು ಪೈಸೆ ಎಂದು. ಅದಕ್ಕೊಂದು ಅಳತೆ ಇದೆ. ಬಟ್ಟೆಯ ಒಂದು ಇಂಚಿನಲ್ಲಿ ಎಷ್ಟು ಹೊಕ್ಕಿನ ಎಳೆ ಬೀಳುತ್ತವೆಯೋ ಅದನ್ನು ಪಿಕ್ ಎನ್ನುತ್ತಾರೆ. 52 ಪಿಕ್ಕಿನ ಬಟ್ಟೆಯನ್ನು ಆಧಾರವಾಗಿಟ್ಟುಕೊಂಡು ದರ ಕಟ್ಟುವುದು ರೂಢಿ. ಪಿಕ್ ಹೆಚ್ಚಾದಂತೆ ಬಟ್ಟೆ ನಿಧಾನ, ಆದ್ದರಿಂದ ದರವೂ ಹೆಚ್ಚು.

ಮೇಷ್ಟರ ಚಟ, ಲೆಕ್ಕ ಹಾಕದೆ ಬಿಡಲಾಗಲಿಲ್ಲ. ಒಂದು ಮೀಟರಿಗೆ 39 ಇಂಚು ಚಿಲ್ಲರೆ. 52ರಿಂದ ಗುಣಿಸಿದರೆ ಸುಮಾರು 2,047 ಎಳೆ. ಮಗ್ಗ ನಿಮಿಷಕ್ಕೆ 150 ಸಲ ಹೊಡೆಯುತ್ತದೆಂದು ಹಿಡಿದರೆ ಒಂದು ಮೀಟರಿಗೆ ಹದಿಮೂರೂವರೆ ನಿಮಿಷ. ಎಂಟು ಮಗ್ಗ ಹನ್ನೆರಡು ತಾಸು ನಿಲ್ಲದೆ ನಡೆದರೆ 420 ಮೀಟರ್ ಆಗಬೇಕು. ಆದರೆ ಎಳೆ ಕಡಿಯುತ್ತದೆ, ಕಂಡಿಕೆ ಮುಗಿಯುತ್ತದೆ, ಕರೆಂಟು ಹೋಗುತ್ತದೆ. ಮುಕ್ಕಾಲು ಪಾಲು ಎಂದರೂ 300 ಮೀಟರಿನ ಆಜುಬಾಜು. ಅಂದರೆ ಮೀಟರಿಗೆ ಒಂದೇ ಪೈಸೆ ಏರಿದರೂ ಅವರ ಕೈಗೆ ದಿನಕ್ಕೆ ಮೂರು ರೂಪಾಯಿ. ಪೈಸೆ ಎಂಬ ನಾಣ್ಯವನ್ನು ನಮ್ಮ ಮಕ್ಕಳು ಕಣ್ಣಿಂದ ನೋಡಿಲ್ಲ, ಇಲ್ಲಿ ಅದರ ಮೇಲೆ ಮನೆ ನಡೆಯುತ್ತದೆ.

2013ರ ಆರಂಭದಲ್ಲಿ ಈ ಪೈಸೆಗಾಗಿಯೇ ಇಚಲಕರಂಜಿಯ ಮಗ್ಗಗಳು ಒಂದು ತಿಂಗಳಿಗೂ ಮೀರಿ ನಿಂತಿದ್ದವು. ಊರಿಗೆ ಊರೇ ಸದ್ದಿಲ್ಲದೆ ಮಲಗಿತ್ತಂತೆ. ಕೊನೆಗೆ ಆದ ಒಪ್ಪಂದದಲ್ಲಿ ಮೀಟರಿನ ದರವನ್ನು ತುಟ್ಟಿಭತ್ಯೆಯ ಏರಿಕೆಗೆ ಜೋಡಿಸಲಾಯಿತು. ಅಂದಿನಿಂದ ಹೊಸ ವರ್ಷ ಬಂತೆಂದರೆ ಕಾರ್ಮಿಕರು ಕಾಯುವುದು ಸಹಾಯಕ ಕಾರ್ಮಿಕ ಆಯುಕ್ತರ ಕಛೇರಿಯಿಂದ ಹೊರಡುವ ಒಂದು ಹಾಳೆಗಾಗಿ, ಈ ವರ್ಷ ಮೀಟರಿಗೆ ಇಷ್ಟು ಪೈಸೆ ಏರಿಕೆ ಎಂದು. ಮಾಲಕರು ಒಪ್ಪಿದ ವರ್ಷವೂ ಉಂಟು, ಮಾರುಕಟ್ಟೆ ಬಿದ್ದಿದೆ, ಕೊಡಲಾಗದು ಎಂದು ಕೈಯೆತ್ತಿದ ವರ್ಷವೂ ಉಂಟು. ಅವರ ಮಾತಿನಲ್ಲಿ ಪೂರ್ತಿ ಸುಳ್ಳಿಲ್ಲ. ಚಿಕ್ಕ ಮಾಲಕರಲ್ಲಿ ಅನೇಕರು ತಾವೂ ದೊಡ್ಡ ವ್ಯಾಪಾರಿಯಿಂದ ನೂಲು ಪಡೆದು, ಮೀಟರಿನ ಮಜೂರಿಗೆ ನೇಯ್ದು ಕೊಡುವವರೇ. ಆದರೂ ಕೂಲಿಕಾರನ ಅಕ್ಕಿಗೆ ಮಾರುಕಟ್ಟೆ ಬಿದ್ದಿಲ್ಲವಲ್ಲ.

ದರದ ಮಾತು ಹೀಗಾಯಿತು. ಮುಖ್ಯ ತೊಡಕು ಬೇರೆಯೇ ಇದೆ, ಅದು ತಲೆ ಎಣಿಕೆಯದು.

"ನಮ್ಮ ಶೆಡ್ಡಿನ್ಯಾಗ ಎಂಟ ಮಂದಿ ಅದೀವ್ರಿ," ಎಂದರು ಅವರು. "ಗ್ವಾಡಿ ಆಚಿ ಕಡೆ ಇನ್ನ ಎಂಟ ಮಂದಿ. ಮಾಲಕ ಒಬ್ಬಾಂವ, ಬೋರ್ಡ ಎರಡು."

ನಮ್ಮ ಕಾರ್ಮಿಕ ಕಾನೂನುಗಳು ಮನುಷ್ಯನನ್ನು ಒಬ್ಬನಾಗಿ ನೋಡುವುದು ಕಡಿಮೆ, ಅವನ ಪಕ್ಕದಲ್ಲಿ ಎಷ್ಟು ಜನ ನಿಂತಿದ್ದಾರೆ ಎಂದು ನೋಡುತ್ತವೆ. ಇ.ಎಸ್.ಐ. ಆಸ್ಪತ್ರೆಯ ಚೀಟಿ ಸಿಗಬೇಕಾದರೆ ಹತ್ತು ಜನ ಇರಬೇಕು. ಪ್ರಾವಿಡೆಂಟ್ ಫಂಡಿಗೆ ಇಪ್ಪತ್ತು. 1948ರ ಕಾರ್ಖಾನೆ ಕಾಯಿದೆ ಮೂಲದಲ್ಲಿ ವಿದ್ಯುತ್ ಬಳಸುವ ಕಡೆ ಹತ್ತು ಜನರಿದ್ದರೆ ಅದನ್ನು ಕಾರ್ಖಾನೆ ಎಂದಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಆ ಸಂಖ್ಯೆ ಇಪ್ಪತ್ತಕ್ಕೆ ಏರಿದೆ. ನಡುವೆ ಒಂದು ಗೋಡೆ, ಹೆಂಡತಿಯ ಹೆಸರಿನಲ್ಲೊಂದು ಬೋರ್ಡು, ತಮ್ಮನ ಹೆಸರಿನಲ್ಲೊಂದು ಬೋರ್ಡು ಹಾಕಿದರೆ ಹದಿನಾರು ಜನ ಎಂಟೆಂಟಾಗುತ್ತಾರೆ. ಹಾಜರಿ ಪುಸ್ತಕದಲ್ಲಿ ನಾಲ್ಕೇ ಹೆಸರು ಬರೆದರಂತೂ ಇನ್ನೂ ಸುಲಭ. ವಿದ್ಯುತ್ ಮಗ್ಗದ ಊರುಗಳಲ್ಲೆಲ್ಲ ಇರುವ ಹಳೆಯ ಉಪಾಯವಿದು, ಇಚಲಕರಂಜಿಗೆ ಮಾತ್ರ ಸೇರಿದ್ದಲ್ಲ. ನಮ್ಮ ಬೀಡಿ ಪುಸ್ತಕಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ?

ವಲಸೆಯ ಲೆಕ್ಕವೂ ಹೀಗೆಯೇ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಗುತ್ತಿಗೆದಾರನ ಮೂಲಕ ಬಂದವನನ್ನು ಮಾತ್ರ ವಲಸಿಗ ಎಂದಿತ್ತು. ರಾಯಬಾಗದಿಂದ ತಾನೇ ಟಿಕೆಟ್ ತೆಗೆದು ಬಂದವನು ಅದರೊಳಗೆ ಬರುತ್ತಿರಲಿಲ್ಲ. ಹೊಸ ಸಂಹಿತೆ ತಾನಾಗಿ ಬಂದವನನ್ನೂ ಸೇರಿಸಿಕೊಂಡಿದೆ, ಇದು ಒಳ್ಳೆಯದೇ. ಆದರೆ ಅಲ್ಲಿಯೂ ಹತ್ತು ಮಂದಿ ಹೊರರಾಜ್ಯದವರು ಒಂದೆಡೆ ಇರಬೇಕೆಂಬ ಕಟ್ಟು. ಎಂಟರ ಶೆಡ್ಡಿನವರು ಮತ್ತೆ ಹೊರಗೆ.

ಇಲಾಖೆಯ ಸಿಬ್ಬಂದಿಯ ಸುದ್ದಿಯೂ ಒಂದಿದೆ. ಇಷ್ಟು ಕಾಲ ಇನ್ಸ್‌ಪೆಕ್ಟರ್ ಎಂದು ಕರೆಸಿಕೊಳ್ಳುತ್ತಿದ್ದವರು ಹೊಸ ಸಂಹಿತೆಗಳಲ್ಲಿ ಇನ್ಸ್‌ಪೆಕ್ಟರ್-ಕಮ್-ಫೆಸಿಲಿಟೇಟರ್ ಆಗಿದ್ದಾರೆ. ಎಂದರೆ ತಪ್ಪು ಹಿಡಿಯುವುದರ ಜೊತೆಗೆ, ತಪ್ಪಾಗದಂತೆ ಮಾಲಕರಿಗೂ ಕಾರ್ಮಿಕರಿಗೂ ತಿಳಿಹೇಳುವುದೂ ಅವರ ಕೆಲಸ. ಯಾವ ಶೆಡ್ಡಿಗೆ ಯಾರು ಹೋಗಬೇಕೆಂಬುದನ್ನು ಕಂಪ್ಯೂಟರು ಚೀಟಿ ಎತ್ತಿದಂತೆ ಆರಿಸುವ ಏರ್ಪಾಡಿಗೂ ಸಂಹಿತೆ ದಾರಿ ಮಾಡಿದೆ. ಇದರಿಂದ ಲಂಚದ ದಾರಿ ಮುಚ್ಚುತ್ತದೆ ಎನ್ನುವವರಿದ್ದಾರೆ, ತಪಾಸಣೆಯೇ ಮುಚ್ಚುತ್ತದೆ ಎನ್ನುವವರೂ ಇದ್ದಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 81ನೆಯ ಒಪ್ಪಂದಕ್ಕೆ ಭಾರತ 1949ರಲ್ಲಿಯೇ ಸಹಿ ಹಾಕಿದೆ. ಹಗಲಾಗಲಿ ರಾತ್ರಿಯಾಗಲಿ ಮುನ್ಸೂಚನೆಯಿಲ್ಲದೆ ಒಳಹೊಕ್ಕು ನೋಡುವ ಅಧಿಕಾರ ತಪಾಸಕನಿಗೆ ಇರಬೇಕೆಂಬುದು ಅದರ ತಿರುಳು. ನನಗೆ ತೋರುವುದಿಷ್ಟು: ಮೊದಲೇ ತಿಳಿಸಿ ಬರುವ ಇನ್ಸ್‌ಪೆಕ್ಟರರಿಗೆ ಎಲ್ಲ ಹುಡುಗರೂ ಎಣ್ಣೆ ಹಾಕಿ ತಲೆ ಬಾಚಿಕೊಂಡು ಕೂತಿರುವುದು ಕಾಣುತ್ತದೆ. ಶಾಲೆಯಲ್ಲಿ ಇದನ್ನು ಎಷ್ಟು ಸಲ ನೋಡಿಲ್ಲ!

ಮರುದಿನ ಕೊಲ್ಹಾಪುರ. ಈ ಊರನ್ನು ಶಾಹು ಮಹಾರಾಜರ ಊರು ಎಂದೇ ಹೇಳಬೇಕು. 1902ರಲ್ಲಿಯೇ ಹಿಂದುಳಿದವರಿಗೆ ಸರಕಾರಿ ನೌಕರಿಯಲ್ಲಿ ನೂರಕ್ಕೆ ಐವತ್ತು ಮೀಸಲಿಟ್ಟ ಅರಸರು ಅವರು. ನನ್ನ ಕುತೂಹಲ ಇದ್ದದ್ದು ಮಹಾರಾಷ್ಟ್ರ ಕಾಮಗಾರ ಕಲ್ಯಾಣ ಮಂಡಳದ ಬಗ್ಗೆ. ಹಳೆಯ ಮುಂಬಯಿ ಪ್ರಾಂತದ 1953ರ ಕಾಯಿದೆಯಿಂದ ಹುಟ್ಟಿದ ಈ ಮಂಡಳಿ ಕಾರ್ಮಿಕರ ಬಡಾವಣೆಗಳಲ್ಲಿ ಕಲ್ಯಾಣ ಕೇಂದ್ರಗಳನ್ನು ನಡೆಸುತ್ತದೆ. ಹೆಂಗಸರಿಗೆ ಹೊಲಿಗೆ ತರಗತಿ, ಚಿಕ್ಕ ಮಕ್ಕಳಿಗೆ ಶಿಶು ಮಂದಿರ, ವಾಚನಾಲಯ, ಓದಲು ಜಾಗವಿಲ್ಲದ ಮನೆಯ ಹುಡುಗರಿಗೆ ಅಭ್ಯಾಸದ ಕೋಣೆ, ಶಿಷ್ಯವೇತನ, ಭಜನಾ ಸ್ಪರ್ಧೆ. ಅದರ ಕಾರ್ಮಿಕ ನಾಟಕ ಸ್ಪರ್ಧೆಯಂತೂ ಮರಾಠಿ ರಂಗಭೂಮಿಯವರಿಗೆಲ್ಲ ಪರಿಚಿತ. ಪಾಳಿ ಮುಗಿಸಿ ಬಂದು ಬಣ್ಣ ಹಚ್ಚುವವರ ನಾಟಕ ಎಂದರೆ ನಮ್ಮ ಕಡೆಯ ಹವ್ಯಾಸಿ ಯಕ್ಷಗಾನ ತಂಡಗಳ ನೆನಪಾಗದಿರದು.

ಇದಕ್ಕೆಲ್ಲ ಹಣ ಎಲ್ಲಿಂದ? ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರಿನಲ್ಲಿ, ಕಾರ್ಮಿಕನ ಸಂಬಳದಿಂದ ಒಂದು ಪಾಲು, ಮಾಲಕನಿಂದ ಅದರ ಮೂರು ಪಟ್ಟು. ಮೊದಲು 12 ಮತ್ತು 36 ರೂಪಾಯಿ ಇದ್ದದ್ದು 2024ರಲ್ಲಿ 25 ಮತ್ತು 75 ಆಗಿದೆ. ಆರು ತಿಂಗಳಿಗೆ 25 ರೂಪಾಯಿ ದೊಡ್ಡದಲ್ಲ. ಆದರೆ ಅದು ಕಡಿತವಾಗಬೇಕಾದರೂ ಹೆಸರು ಪುಸ್ತಕದಲ್ಲಿರಬೇಕು! ಸಂಬಳದಿಂದ ಹಣ ಕಡಿದರೆಂದು ಬೇಸರ ಪಡುವವರನ್ನು ನೋಡಿದ್ದೇನೆ, ಕಡಿಯಲಿಲ್ಲವಲ್ಲ ಎಂದು ಬೇಸರಪಟ್ಟವರನ್ನು ಇಚಲಕರಂಜಿಯಲ್ಲೇ ಮೊದಲು ನೋಡಿದ್ದು. ಚಹಾದಂಗಡಿಯ ಆ ಹಿರಿಯರ ಮಗಳು ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಾಳೆ. ಮಂಡಳಿಯ ಶಿಷ್ಯವೇತನ ಕೇಳಬೇಕೆಂದರೆ ತಂದೆಯ ವಂತಿಗೆ ಕಟ್ಟಿದ ದಾಖಲೆ ಬೇಕು. ತಂದೆ ಹದಿನೆಂಟು ವರ್ಷ ನೇಯ್ದಿದ್ದಾರೆ, ದಾಖಲೆ ಒಂದೂ ಇಲ್ಲ.

ಗಡಹಿಂಗ್ಲಜದ ಚಿತ್ರ ಸ್ವಲ್ಪ ಬೇರೆ. ಹಿರಣ್ಯಕೇಶಿ ನದಿಯ ಊರು, ನಮ್ಮ ಸಂಕೇಶ್ವರಕ್ಕೆ ಹತ್ತಿರ, ಸಂತೆಯಲ್ಲಿ ಕನ್ನಡ ಮರಾಠಿ ಎರಡೂ ಒಂದೇ ಬಾಯಲ್ಲಿ ಬರುತ್ತವೆ. ಮಗ್ಗದ ಸದ್ದಿಲ್ಲ, ಕಬ್ಬು, ಸಕ್ಕರೆ ಕಾರ್ಖಾನೆ, ಅಂಗಡಿ, ಮನೆ ಕಟ್ಟುವ ಕೆಲಸ. ಇಲ್ಲಿಯ ಗೌಂಡಿಗಳಿಗೆ ಆಸರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ. ನೋಂದಾಯಿಸಬೇಕಾದರೆ ವರ್ಷದಲ್ಲಿ 90 ದಿನ ದುಡಿದ ಪ್ರಮಾಣಪತ್ರ ಬೇಕು. ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಗೋಡೆ ಎಂದು ದುಡಿಯುವವನಿಗೆ ಆ 90 ದಿನ ಬರೆದುಕೊಡುವವರು ಯಾರು? ಕಾರ್ಮಿಕ ಇಲಾಖೆಯ ದೊಡ್ಡ ಕಛೇರಿಗೆ ಹೋಗಬೇಕೆಂದರೆ ಕೊಲ್ಹಾಪುರ ಅರವತ್ತು ಕಿಲೋಮೀಟರಿಗೂ ಹೆಚ್ಚು. ಹೋದ ದಿನದ ಕೂಲಿ ಇಲ್ಲ.

ಭಾಷೆಯ ಮಾತು ಹೇಳದಿದ್ದರೆ ನಮ್ಮ ಪತ್ರಿಕೆಯ ಓದುಗರು ನನ್ನನ್ನು ಬಿಡಲಾರರು. ಅಲ್ಲಿಯ ಅರ್ಜಿ ನಮೂನೆ ಮರಾಠಿಯಲ್ಲಿರುತ್ತದೆ, ರಾಜ್ಯಭಾಷೆ ಅದು, ತಪ್ಪೇನಿಲ್ಲ. ರಾಯಬಾಗದವರು ಮರಾಠಿ ಸರಾಗವಾಗಿ ಮಾತಾಡುತ್ತಾರೆ, ಓದುವಾಗ ಮಾತ್ರ ಮಗಳನ್ನು ಕರೆಯುತ್ತಾರೆ. ನಾನು ಚಿಕ್ಕವನಿದ್ದಾಗ ಒಂದು ಕಛೇರಿಯ ಮಲಯಾಳ ನೋಟೀಸನ್ನು ಹಿಡಿದುಕೊಂಡು ನಮ್ಮ ತಂದೆ ಓದಿ ಹೇಳುವವರಿಗಾಗಿ ಮಧ್ಯಾಹ್ನದವರೆಗೆ ಕಾದದ್ದು ನೆನಪಿದೆ. ಕೇರಳದಲ್ಲಿ 1969ರ ರಾಜ್ಯಭಾಷಾ ಕಾಯಿದೆ ನಮಗೆ ಕನ್ನಡದಲ್ಲಿ ಬರೆದುಕೊಳ್ಳುವ ಹಕ್ಕು ಕೊಟ್ಟಿದೆ. 1961ರ ಮುಖ್ಯಮಂತ್ರಿಗಳ ಸಮ್ಮೇಳನವು ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟು ಅಲ್ಪಸಂಖ್ಯಾತರು ಇರುವಲ್ಲಿ ಮುಖ್ಯ ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಹೊರಡಿಸಬೇಕೆಂದು ಒಪ್ಪಿತ್ತು. ಆದರೆ ಇದೂ ತಲೆ ಎಣಿಕೆಯೇ ತಾನೆ? ಬೆಳಗಾವಿ ಕಡೆಯಿಂದ ದುಡಿಯಲು ಬಂದು ಓಣಿ ಓಣಿಯಲ್ಲಿ ಚದುರಿ ಹೋದವರು ಯಾವ ತಾಲೂಕಿನ ನೂರಕ್ಕೆ ಹದಿನೈದು?

ಹಾಗೆಂದು ಏನೂ ಇಲ್ಲವೆಂದಲ್ಲ. ತಲೆ ಎಣಿಸದೆ ಎಲ್ಲರಿಗೂ ಅನ್ವಯಿಸುವ ಎರಡು ಸಂಗತಿಗಳನ್ನು ಆ ಹಿರಿಯರಿಗೆ ಕಾಗದದಲ್ಲಿ ಬರೆದುಕೊಟ್ಟೆ. ನಮ್ಮ ಊರಿನಿಂದ ಹೊರಗೆ ದುಡಿಯುವ ಮಕ್ಕಳಿರುವ ಮನೆಗಳಿಗೂ ಅವು ಬೇಕಾದವೇ. ಒಂದು, ವೇತನ ಸಂಹಿತೆಯ ಪ್ರಕಾರ ಕನಿಷ್ಠ ಕೂಲಿ ಎಂಟು ಜನರ ಶೆಡ್ಡಿಗೂ ಅನ್ವಯಿಸುತ್ತದೆ, ವೇತನದ ಚೀಟಿಯನ್ನೂ ಮಾಲಕ ಕೊಡಬೇಕು. ಬೇರೆ ಯಾವ ದಾಖಲೆಯೂ ಇಲ್ಲದವನಿಗೆ ಆ ಚೀಟಿಯೇ ಮೊದಲ ದಾಖಲೆ. ಇನ್ನೊಂದು, 2021ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ತೆರೆದ ಇ-ಶ್ರಮ್ ನೋಂದಣಿ. ಪಿ.ಎಫ್., ಇ.ಎಸ್.ಐ. ಇಲ್ಲದ, 16ರಿಂದ 59 ವರ್ಷದೊಳಗಿನ ಕೂಲಿಕಾರರು ಆಧಾರ್, ಮೊಬೈಲು, ಬ್ಯಾಂಕ್ ಖಾತೆ ಇಟ್ಟುಕೊಂಡು ಹೆಸರು ಬರೆಸಬಹುದು. ಮಾಲಕನ ಸಹಿ ಬೇಡ, ಪಕ್ಕದಲ್ಲಿ ಎಷ್ಟು ಜನರಿದ್ದಾರೆಂದು ಕೇಳುವುದಿಲ್ಲ. 2025ರ ಜನವರಿಯಿಂದ ಅದು 22 ಭಾಷೆಗಳಲ್ಲಿದೆ. ಅದಕ್ಕೂ ಮೊದಲು ಇದ್ದದ್ದು ನಾಲ್ಕೇ ಭಾಷೆ: ಇಂಗ್ಲಿಷ್, ಹಿಂದಿ, ಮರಾಠಿ, ಕನ್ನಡ. ಸಹಾಯವಾಣಿ 14434.

"ಕನ್ನಡದಾಗ ಐತೇನ್ರಿ?" ಎಂದು ಅವರು ಮತ್ತೊಮ್ಮೆ ಕೇಳಿದರು. ಕಾಗದ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು, ವೇತನದ ಚೀಟಿ ಕೇಳುವುದು ಯಾವಾಗ, ಒಬ್ಬನೇ ಕೇಳುವುದೋ ಎಂಟೂ ಜನ ಕೂಡಿ ಕೇಳುವುದೋ ಎಂದು ಸ್ವಲ್ಪ ಹೊತ್ತು ಯೋಚಿಸಿದರು. ಗೋಡೆಯ ಆಚೆಯವರನ್ನೂ ಕರೆದು ಮಾತಾಡಬೇಕು ಎಂದರು. ಅಷ್ಟರಲ್ಲಿ ಪಾಳಿಯ ಹೊತ್ತಾಯಿತು, ಚಹಾದ ದುಡ್ಡು ನನಗೆ ಕೊಡಗೊಡದೆ ತಾವೇ ಕೊಟ್ಟು ಒಳಗೆ ಹೋದರು.