ಅಗ್ಗದ ಸೇನಾ ರೈಫಲ್‌ಗಳ ಕಾಲ ಮುಗಿದದ್ದೇಕೆ?

ಅಮೆರಿಕದ ಬಂದೂಕು ಅಂಗಡಿಗಳಲ್ಲಿ 2000ದ ದಶಕದಲ್ಲಿ ಒಂದು ದೃಶ್ಯ ಸಾಮಾನ್ಯವಾಗಿತ್ತು. ಮೂಲೆಯಲ್ಲೊಂದು ಮರದ ಪೆಟ್ಟಿಗೆ. ಅದರೊಳಗೆ ದಪ್ಪನೆಯ ಕಂದು ಗ್ರೀಸ್ ಮೆತ್ತಿದ ಉದ್ದನೆಯ ರೈಫಲ್‌ಗಳ ಸಾಲು. ಎರಡನೆಯ ಮಹಾಯುದ್ಧದ ನಂತರ ದಶಕಗಳ ಕಾಲ ಗೋದಾಮುಗಳಲ್ಲಿ ಮಲಗಿದ್ದ ರಷ್ಯಾದ ಮೊಸಿನ್-ನಾಗಾಂಟ್ ರೈಫಲ್ ಅಲ್ಲಿ ನೂರು ಡಾಲರಿಗೂ ಕಡಿಮೆ ಬೆಲೆಗೆ ದೊರೆಯುತ್ತಿತ್ತು. ಇಂದು ಆ ಪೆಟ್ಟಿಗೆಗಳಿಲ್ಲ. ಅದೇ ರೈಫಲ್‌ನ ಬೆಲೆ ಹಲವು ಪಟ್ಟು ಏರಿದೆ. ಸಂಗ್ರಾಹಕರ ವಲಯದಲ್ಲಿ ಆ ದಿನಗಳ ಕುರಿತ ಹಂಬಲ ಮಾತ್ರ ಉಳಿದಿದೆ.

ಈ ಅಗ್ಗದ ಕಾಲ ಬಂದದ್ದಾದರೂ ಹೇಗೆ? ಉತ್ತರ ಯುದ್ಧದ ಲೆಕ್ಕಾಚಾರದಲ್ಲಿದೆ. ಮಹಾಯುದ್ಧಗಳಲ್ಲಿ ರಾಷ್ಟ್ರಗಳು ರೈಫಲ್‌ಗಳನ್ನು ಕೋಟಿಗಳ ಲೆಕ್ಕದಲ್ಲಿ ತಯಾರಿಸಿದವು. 1891ರಲ್ಲಿ ರೂಪುಗೊಂಡ ಮೊಸಿನ್-ನಾಗಾಂಟ್ ಒಂದೇ ಮೂರು ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ಅಮೆರಿಕದ ಎಂ1 ಗ್ಯಾರಂಡ್‌ನ ಸಂಖ್ಯೆ ಸುಮಾರು 54 ಲಕ್ಷ. ಯುದ್ಧ ಮುಗಿದು ಸ್ವಯಂಚಾಲಿತ ಬಂದೂಕುಗಳು ಬಂದೊಡನೆ, ಒಂದೊಂದೇ ಗುಂಡು ಹಾರಿಸಿ ಬೋಲ್ಟ್ ಎಳೆಯಬೇಕಾದ ಹಳೆಯ ರೈಫಲ್‌ಗಳು ಸೇನೆಗಳಿಗೆ ಹೊರೆಯಾದವು.

ಆ ಹೊರೆಯನ್ನು ಸರಕಾಗಿಸಿದವರಲ್ಲಿ ಅಮೆರಿಕದ ಸ್ಯಾಮ್ ಕಮಿಂಗ್ಸ್ ಪ್ರಮುಖ. 1953ರಲ್ಲಿ ತಮ್ಮ ಸಂಸ್ಥೆಯನ್ನು ಸ್ಥಾಪಿಸಿದ ಅವರು ವಿದೇಶಿ ಸೇನೆಗಳ ದಾಸ್ತಾನುಗಳನ್ನು ಸಗಟಾಗಿ ಕೊಂಡು ವರ್ಜೀನಿಯಾದ ಗೋದಾಮುಗಳಲ್ಲಿ ತುಂಬಿಸಿದರು. ಪತ್ರಿಕೆಯ ಜಾಹೀರಾತು ಕತ್ತರಿಸಿ ಹಣದೊಂದಿಗೆ ಕಳುಹಿಸಿದರೆ ಅಂಚೆಯಲ್ಲೇ ರೈಫಲ್ ಮನೆ ಬಾಗಿಲಿಗೆ ಬರುತ್ತಿದ್ದ ಕಾಲವದು. ರೈತರಿಗೆ, ಬೇಟೆಗಾರರಿಗೆ, ಯುದ್ಧದಿಂದ ಮರಳಿದ ಯೋಧರಿಗೆ ಅದು ಕೈಗೆಟಕುವ ಸರಕಾಗಿತ್ತು.

ಆ ಸೌಲಭ್ಯದ ಕರಾಳ ಮುಖ 1963ರಲ್ಲಿ ಬಯಲಾಯಿತು. ಲೀ ಹಾರ್ವೆ ಆಸ್ವಾಲ್ಡ್ ಸುಳ್ಳು ಹೆಸರಿನಲ್ಲಿ ಅಂಚೆಯ ಮೂಲಕ ಇಟಲಿಯ ಹಳೆಯ ಕಾರ್ಕಾನೊ ರೈಫಲ್ ತರಿಸಿಕೊಂಡ. ದೂರದರ್ಶಕವೂ ಅಂಚೆ ವೆಚ್ಚವೂ ಸೇರಿ ಅವನು ತೆತ್ತದ್ದು 21 ಡಾಲರ್ 45 ಸೆಂಟ್. ಅದೇ ವರ್ಷದ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಅಧ್ಯಕ್ಷ ಜಾನ್ ಕೆನಡಿ ಆ ರೈಫಲ್‌ನ ಗುಂಡಿಗೆ ಬಲಿಯಾದರು. 1968ರ ಬಂದೂಕು ನಿಯಂತ್ರಣ ಕಾಯ್ದೆಯು ಸಾರ್ವಜನಿಕರಿಗೆ ಅಂಚೆಯ ಮೂಲಕ ಬಂದೂಕು ಮಾರುವುದನ್ನೂ ಸೇನಾ ದಾಸ್ತಾನಿನ ಆಮದನ್ನೂ ತಡೆಯಿತು.

ಬಾಗಿಲು ಪುನಃ ತೆರೆದದ್ದು 1984ರಲ್ಲಿ. ಐತಿಹಾಸಿಕ ಮೌಲ್ಯವುಳ್ಳ ಹಳೆಯ ರೈಫಲ್‌ಗಳ ಆಮದಿಗೆ ಅವಕಾಶ ದೊರೆಯಿತು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದಾಗ ಪೂರ್ವ ಯುರೋಪಿನ ಗೋದಾಮುಗಳೂ ತೆರೆದುಕೊಂಡವು. 30 ಡಾಲರ್ ಶುಲ್ಕಕ್ಕೆ ಮೂರು ವರ್ಷಗಳ ಸಂಗ್ರಾಹಕ ಪರವಾನಗಿ ಪಡೆದವರಿಗೆ ಇಂಥ ರೈಫಲ್‌ಗಳು ನೇರವಾಗಿ ಮನೆಗೇ ಬರತೊಡಗಿದವು. ಇಂದಿನ ಹಂಬಲ ಬಹುಮಟ್ಟಿಗೆ ಈ ಎರಡನೆಯ ಸುಗ್ಗಿಯದು.

ಹಂಬಲಕ್ಕೆ ಅಗ್ಗದ ಬೆಲೆಯೊಂದೇ ಕಾರಣವಲ್ಲ. ಮನೆಗೆ ಬಂದ ರೈಫಲ್‌ನ ಗ್ರೀಸನ್ನು ಬಿಸಿನೀರಿನಿಂದಲೋ ಸೀಮೆಎಣ್ಣೆಯಿಂದಲೋ ತೆಗೆಯುತ್ತ ಹೋದಂತೆ ಲೋಹದ ಮೇಲಿನ ಗುರುತುಗಳು ಮೂಡುತ್ತಿದ್ದವು. ಕಾರ್ಖಾನೆಯ ಮುದ್ರೆ, ತಯಾರಿಕೆಯ ವರ್ಷ, ಕೆಲವು ರಷ್ಯನ್ ರೈಫಲ್‌ಗಳ ಮೇಲೆ ಅವು ಫಿನ್ಲೆಂಡ್ ಸೇನೆಯ ಕೈಸೇರಿದ್ದನ್ನು ಸಾರುವ ಚಿಹ್ನೆ. ಜಪಾನಿನ ಅರಿಸಾಕಾ ರೈಫಲ್‌ಗಳಲ್ಲಿ ಹಲವುಗಳ ಮೇಲಿನ ಸಾಮ್ರಾಟನ ಸೇವಂತಿಗೆ ಲಾಂಛನ 1945ರ ಶರಣಾಗತಿಯ ಸಮಯದಲ್ಲಿ ಉಜ್ಜಿ ಅಳಿಸಲ್ಪಟ್ಟಿತ್ತು. ಪಠ್ಯಪುಸ್ತಕದ ಇತಿಹಾಸ ಹೀಗೆ ಕೈಗೆ ತಾಕುವ ವಸ್ತುವಾಗುತ್ತಿತ್ತು.

ಗುಂಡು ಹಾರಿಸುವ ಅನುಭವವೂ ಒರಟಾದದ್ದೇ. ತಗಡಿನ ಮೊಹರು ಡಬ್ಬಿಯೊಂದರಲ್ಲಿ ಬರುತ್ತಿದ್ದ 440 ತೋಟಾಗಳು ದಿನವಿಡೀ ಅಭ್ಯಾಸಕ್ಕೆ ಸಾಕಾಗುತ್ತಿದ್ದವು. ಭುಜಕ್ಕೆ ಬಲವಾದ ಒದೆತ ತಪ್ಪುತ್ತಿರಲಿಲ್ಲ. ಹಳೆಯ ತೋಟಾಗಳ ಕಿಡಿಮದ್ದು ನಳಿಗೆಯೊಳಗೆ ಲವಣವನ್ನು ಉಳಿಸುತ್ತದೆ. ಅದು ಗಾಳಿಯ ತೇವವನ್ನು ಹೀರಿ ತುಕ್ಕು ಹಿಡಿಸುತ್ತದೆ. ಆದುದರಿಂದ ಮನೆಗೆ ಮರಳಿದೊಡನೆ ನಳಿಗೆಗೆ ನೀರು ಹೊಯ್ದು ತೊಳೆದು, ಒಣಗಿಸಿ, ಎಣ್ಣೆ ಹಚ್ಚುವುದು ಕಡ್ಡಾಯವಾಗಿತ್ತು.

ಆದರೆ ಈ ಸರಕು ಮತ್ತೆ ತಯಾರಾಗುವಂಥದ್ದಲ್ಲ. ಕೊನೆಯ ಪೆಟ್ಟಿಗೆ ಮಾರಾಟವಾದರೆ ಅಲ್ಲಿಗೆ ಮುಗಿಯಿತು. ಜೊತೆಗೆ, ಹೆಚ್ಚುವರಿ ಶಸ್ತ್ರಗಳು ಅಂತರ್ಯುದ್ಧಗಳಿಗೆ ಸೋರಿಹೋಗುವುದನ್ನು ಕಂಡ ವಿಶ್ವಸಂಸ್ಥೆಯ 2001ರ ಕ್ರಿಯಾಯೋಜನೆ, ಅವುಗಳ ನಾಶಕ್ಕೆ ಒತ್ತು ನೀಡಿತು. ಕ್ರಿಮಿಯಾ ಸ್ವಾಧೀನದ ನಂತರ, 2014ರಲ್ಲಿ, ರಷ್ಯಾದ ಶಸ್ತ್ರ ಸಂಸ್ಥೆಗಳ ಮೇಲೆ ಅಮೆರಿಕ ನಿರ್ಬಂಧ ಹೇರಿತು. 2021ರಲ್ಲಿ ರಷ್ಯಾದ ತೋಟಾಗಳ ಹೊಸ ಆಮದು ಪರವಾನಗಿಗಳಿಗೂ ತಡೆ ಬಿತ್ತು.

ಈ ಕಥೆಯಲ್ಲಿ ಭಾರತಕ್ಕೂ ಪಾತ್ರವಿದೆ. ಬ್ರಿಟಿಷರ ಲೀ-ಎನ್‌ಫೀಲ್ಡ್, ಅಂದರೆ ನಮ್ಮ ಜನ ‘ತ್ರೀ ನಾಟ್ ತ್ರೀ’ ಎಂದು ಕರೆದ ರೈಫಲ್, ಬಂಗಾಳದ ಇಷಾಪುರ ಕಾರ್ಖಾನೆಯಲ್ಲೂ ತಯಾರಾಗುತ್ತಿತ್ತು. 1962ರಲ್ಲಿ ಹಿಮಾಲಯದ ಗಡಿಯಲ್ಲಿ ಭಾರತೀಯ ಯೋಧರು ಚೀನಾ ಸೇನೆಯನ್ನು ಎದುರಿಸಿದ್ದು ಇದನ್ನೇ ಹಿಡಿದು. ಆ ಯುದ್ಧದ ನಂತರ ಇದೇ ವಿನ್ಯಾಸವನ್ನು 7.62 ಮಿ.ಮೀ. ತೋಟಾಕ್ಕೆ ಹೊಂದಿಸಿ ಇಷಾಪುರದಲ್ಲಿ ತಯಾರಿಸಿದ ‘2ಎ1’ ರೈಫಲ್, ಮುಂದೆ ಹಳೆಯ ಸರಕಾಗಿ ಅಮೆರಿಕದ ಸಂಗ್ರಾಹಕರ ಮನೆಗಳನ್ನೂ ಸೇರಿತು.

ಭಾರತದ ನಾಗರಿಕರಿಗೆ ಮಾತ್ರ ಅಂಥ ಮಾರುಕಟ್ಟೆ ಎಂದೂ ತೆರೆಯಲಿಲ್ಲ. ಸೇನೆ ಮತ್ತು ಪೊಲೀಸರು ಬಳಸುವ .303 ರೈಫಲ್ ಇಲ್ಲಿ ‘ನಿಷೇಧಿತ ಬೋರ್’ ವರ್ಗಕ್ಕೆ ಸೇರಿದೆ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದಂದು ಅದಕ್ಕೆ ವಿದಾಯ ಹೇಳಿದಾಗ, ಆ ರೈಫಲ್‌ಗಳು ಅಂಗಡಿಗೆ ಬರುವ ಪ್ರಶ್ನೆಯೇ ಇರಲಿಲ್ಲ. ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಬಂದೂಕು ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 10 ವರ್ಷ ವಿಸ್ತರಿಸಿತು. ಆದರೆ ಕೈಲ್‌ಪೊಳ್ದ್ ಹಬ್ಬದಲ್ಲಿ ತೋಕ್‌ಪೂ ಮುಡಿಸಿ ಪೂಜಿಸುವ ಕೋವಿ ಮನೆತನದ ಆಸ್ತಿ. ಅಪರಿಚಿತ ಸೈನಿಕನ ಬಂದೂಕನ್ನು ಕೊಂಡು ಅದರ ಚರಿತ್ರೆ ಹುಡುಕುವ ಅಮೆರಿಕದ ಹವ್ಯಾಸಕ್ಕಿಂತ ಅದು ತೀರ ಭಿನ್ನ.

ಇಷ್ಟಾಗಿಯೂ ಈ ರೈಫಲ್‌ಗಳು ಕೇವಲ ಸ್ಮರಣಿಕೆಗಳಾಗಿಲ್ಲ. 2022ರಲ್ಲಿ ಉಕ್ರೇನ್ ಯುದ್ಧ ತೀವ್ರಗೊಂಡಾಗ, ಡೊನೆಟ್ಸ್ಕ್ ಪ್ರದೇಶದಲ್ಲಿ ರಷ್ಯಾ ಪರ ಪಡೆಗಳಿಗೆ ಬಲವಂತವಾಗಿ ಸೇರಿಸಿಕೊಳ್ಳಲಾದವರಲ್ಲಿ ಕೆಲವರ ಕೈಯಲ್ಲಿ ಮೊಸಿನ್-ನಾಗಾಂಟ್ ಇದ್ದುದು ವರದಿಯಾಯಿತು. ಸಾಗರದಾಚೆ ಸಂಗ್ರಾಹಕರು ಎಣ್ಣೆ ಹಚ್ಚಿ ಜೋಪಾನ ಮಾಡಿದ ರೈಫಲ್‌ನ ಒಡಹುಟ್ಟುಗಳೇ ಅವು. ಗೋದಾಮಿನಿಂದ ಹೊರಬಂದ ಪೆಟ್ಟಿಗೆಗಳಲ್ಲಿ ಕೆಲವು ಹವ್ಯಾಸಿಯ ಮನೆಗೆ ಹೋದವು, ಕೆಲವು ಮರಳಿ ರಣರಂಗಕ್ಕೆ. ಅಗ್ಗದ ಕಾಲವನ್ನು ನೆನೆಯುವವರು ಈ ಎರಡನೆಯ ದಾರಿಯನ್ನೂ ನೆನಪಿಡಬೇಕಾಗುತ್ತದೆ.