ಬಿಡದಿಯ ಬಂಡಿಯ ಗಟ್ಟಿ ಗುಂಡಿಗೆ

ಮುಂಜಾವದ ನಾಲ್ಕು ಗಂಟೆ. ಪುಟ್ಟೇನಹಳ್ಳಿಯ ಕೆರೆಯ ಹಕ್ಕಿಗಳಿಗೆ ಇನ್ನೂ ಎಚ್ಚರವಾಗಿಲ್ಲ. ಅಷ್ಟರಲ್ಲಿಯೇ ಒಂದು ಮನೆಯ ಮುಂದೆ ಗುಡುಗುಡು ಎಂಬ ಒರಟು ಸದ್ದು. ನಿದ್ದೆಗಣ್ಣಿನ ನೆರೆಯವರಿಗೂ ಆ ಸದ್ದಿನ ಗುರುತುಂಟು. ಹಳೆಯ ಇಟಿಯೋಸ್ ಡೀಸೆಲ್ ಕಾರು ನಲವತ್ತು ಕಿಲೋಮೀಟರಿಗೂ ಮಿಕ್ಕಿದ ದೂರದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೊರಟಿದೆ.

ಹಳದಿ ಹಲಗೆಯ ಬಾಡಿಗೆ ಕಾರಾಗಿ ದುಡಿದಂತೆಯೇ, ಬಿಳಿ ಹಲಗೆಯ ಮನೆಯ ಕಾರಾಗಿಯೂ ಈ ಬಂಡಿ ಬೆಂಗಳೂರಿನಲ್ಲಿ ಬಹುಕಾಲ ಸೇವೆ ಮಾಡಿದೆ. ಈಗ ಅಂಥ ಮನೆಗಳಲ್ಲಿ ಒಂದು ಚರ್ಚೆ ಎದ್ದಿದೆ. 2011ರಲ್ಲಿ ಕೊಂಡ ಖಾಸಗಿ ಕಾರಿನ ನೋಂದಣಿಗೆ 2026ರಲ್ಲಿ ಹದಿನೈದು ವರ್ಷ ತುಂಬುತ್ತದೆ. ಮುಂದೆಯೂ ಓಡಿಸಬೇಕೆಂದರೆ ಅದನ್ನು ತಪಾಸಣೆಗೆ ಒಪ್ಪಿಸಿ, ಐದು ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳಬೇಕು.

“ಕೊಟ್ಟುಬಿಡೋಣ, ಅಪ್ಪಾ. ಹೊಸದನ್ನು ಕೊಳ್ಳೋಣ,” ಎನ್ನುತ್ತಾನೆ ಮಗ.

“ಎಂಜಿನ್ನಿಗೆ ಏನಾಗಿದೆಯೋ? ಒಂದು ದಿನವಾದರೂ ನಡುದಾರಿಯಲ್ಲಿ ಕೈಬಿಟ್ಟಿದೆಯೆ?” ಎನ್ನುತ್ತಾರೆ ತಂದೆ.

ಇಬ್ಬರ ಮಾತಿನಲ್ಲಿಯೂ ಹುರುಳುಂಟು. ತೀರ್ಪು ಕೊಡುವ ಮುನ್ನ ಆ ಎಂಜಿನ್ನಿನ ಗುಣದೋಷಗಳನ್ನು ಅರಿಯುವುದು ಲೇಸು.

ಬಂಡಿ ಇಲ್ಲಿಯದು, ಎಂಜಿನ್ ಹಳೆಯದು

ಕಾರು ತಯಾರಾದದ್ದು ದೂರದಲ್ಲೇನೂ ಅಲ್ಲ. ತಟ್ಟೆ ಇಡ್ಲಿಗೆ ಹೆಸರಾದ ಬಿಡದಿಯಲ್ಲಿ. 1997ರಲ್ಲಿ ಸ್ಥಾಪಿತವಾದ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯು ಅಲ್ಲಿನ ತನ್ನ ಎರಡನೆಯ ಕಾರ್ಖಾನೆಯಿಂದ 2010ರ ಡಿಸೆಂಬರಿನಲ್ಲಿ ಪೆಟ್ರೋಲ್ ಇಟಿಯೋಸನ್ನು ಹೊರತಂದಿತು. ಡೀಸೆಲ್ ಕಾರು ಬಂದದ್ದು 2011ರ ಸೆಪ್ಟೆಂಬರಿನಲ್ಲಿ.

ಆದರೆ ಅದರೊಳಗಿನ ಎಂಜಿನ್ ಆಗಲೇ ಲೋಕವನ್ನು ಕಂಡಿತ್ತು. ‘1ಎನ್‌ಡಿ-ಟಿವಿ’ ಎಂಬುದು ಅದರ ಹೆಸರು. ಈ ಶತಮಾನದ ಆರಂಭದ ವರ್ಷಗಳಲ್ಲಿಯೇ ಅದು ಯೂರೋಪಿನ ಯಾರಿಸ್ ಕಾರಿನಲ್ಲಿ ಕಾಣಿಸಿಕೊಂಡಿತು. 2003ರಲ್ಲಿ ಬಿ.ಎಂ.ಡಬ್ಲ್ಯು. ಸಂಸ್ಥೆ ತನ್ನ ಪುಟ್ಟ ಮಿನಿ ಕಾರಿಗೂ ಅದನ್ನೇ ಆರಿಸಿಕೊಂಡಿತು. ಬೆಂಗಳೂರಿನ ಬೀದಿಗೆ ಬರುವಷ್ಟರಲ್ಲಿ ಅದು ಪರೀಕ್ಷೆಗಳನ್ನು ಮುಗಿಸಿದ ಯಂತ್ರವಾಗಿತ್ತು.

ಕಿಡಿಯಿಲ್ಲದ ಬೆಂಕಿ

1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದನು. ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಇಂಧನ ಹೊತ್ತಿಕೊಳ್ಳುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಆ ಕಿಡಿ ಬೇಕಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಅದೇ ರೀತಿ ಸಿಲಿಂಡರಿನೊಳಗಿನ ಗಾಳಿಯನ್ನು ಬಲವಾಗಿ ಅದುಮಿದಾಗ ಅದರ ಶಾಖ 500 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಅದರೊಳಕ್ಕೆ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಇಷ್ಟು ಒತ್ತಡವನ್ನು ತಾಳಬೇಕಾದುದರಿಂದ ಎಂಜಿನ್ನಿನ ಅಂಗಾಂಗಗಳು ಗಟ್ಟಿಯಾಗಿರಲೇಬೇಕು. ಅದರ ಒರಟು ಸದ್ದಿಗೂ, ದೀರ್ಘಾಯುಷ್ಯಕ್ಕೂ ಮೂಲ ಒಂದೇ.

ಈ ಎಂಜಿನ್ನಿನಲ್ಲಿರುವುದು ನಾಲ್ಕು ಸಿಲಿಂಡರುಗಳು. ಒಂದೊಂದರ ಅಗಲ 73 ಮಿಲಿಮೀಟರ್. ಪಿಸ್ಟನ್ ಏರಿಳಿಯುವ ದೂರ 81.5 ಮಿಲಿಮೀಟರ್. ಲೆಕ್ಕ ಹಾಕಿದರೆ ಒಂದಕ್ಕೆ 341 ಘನ ಸೆಂಟಿಮೀಟರ್, ನಾಲ್ಕಕ್ಕೆ 1364. ಎಂದರೆ ಮನೆಯ ನಾಲ್ಕು ದೊಡ್ಡ ಲೋಟಗಳಲ್ಲಿ ಹಿಡಿಸುವಷ್ಟು ಜಾಗ! ಐದು ಮಂದಿಯನ್ನೂ ಅವರ ಗಂಟುಮೂಟೆಗಳನ್ನೂ ಎಳೆದೊಯ್ಯುವ ಶಕ್ತಿ ಹುಟ್ಟುವುದು ಅಷ್ಟರಲ್ಲಿಯೇ.

ಇಟಿಯೋಸ್ ಡೀಸೆಲ್ಲಿನ ಶಕ್ತಿ 68 ಅಶ್ವಶಕ್ತಿ. ಪೆಟ್ರೋಲ್ ಇಟಿಯೋಸಿನದು 90. ಹಾಗಾದರೆ ಡೀಸೆಲ್ ಸೋತಿತೆ? ಇಲ್ಲ. ಚಕ್ರವನ್ನು ತಿರುಗಿಸುವ ಬಲವನ್ನು, ಎಂದರೆ ಟಾರ್ಕನ್ನು ನೋಡಬೇಕು. ಪೆಟ್ರೋಲಿನದು ನಿಮಿಷಕ್ಕೆ 3000 ಸುತ್ತಿನಲ್ಲಿ 132 ನ್ಯೂಟನ್-ಮೀಟರ್. ಡೀಸೆಲಿನದು 1800ರಿಂದ 2400 ಸುತ್ತಿನೊಳಗೇ 170. ತುಂಬಿದ ಕಾರು ಏರುದಾರಿಯಲ್ಲಿ ಎಂಜಿನ್ನನ್ನು ಅರಚಿಸದೆ ಏರಬಲ್ಲುದು. ಸುತ್ತು ಕಡಮೆಯಾದರೆ ಸವೆತವೂ ಕಡಮೆ.

ಸಂಯಮವೇ ಆಯುಷ್ಯ

ಅದರ ಬಾಳಿಕೆಯ ದೊಡ್ಡ ಗುಟ್ಟು ಬೇರೊಂದುಂಟು. 2010ರಲ್ಲಿ ಭಾರತಕ್ಕೆ ಬಂದ ಕೊರೊಲಾ ಆಲ್ಟಿಸ್ ಡೀಸೆಲ್ ಕಾರಿನಲ್ಲಿಯೂ ಇದೇ 1364ರ ಎಂಜಿನ್ ಇದ್ದಿತು. ಅಲ್ಲಿ ಅದು ಕೊಡುತ್ತಿದ್ದುದು ಸುಮಾರು 88 ಅಶ್ವಶಕ್ತಿ, 205 ನ್ಯೂಟನ್-ಮೀಟರ್. ಇಟಿಯೋಸಿಗೆ ಅಳವಡಿಸುವಾಗ ಹೆಚ್ಚು ಸರಳವಾದ ಟರ್ಬೊ ಕೊಟ್ಟು, ಶಕ್ತಿಯನ್ನು 68ಕ್ಕೆ ಇಳಿಸಿದರು. ಹತ್ತು ಮೂಟೆ ಹೊರಬಲ್ಲ ಎತ್ತಿಗೆ ಎಂಟನ್ನು ಹೊರಿಸಿದಂತೆ. ಅಂಥ ಎತ್ತು ಬಹುಕಾಲ ಬಾಳುವುದರಲ್ಲಿ ಸೋಜಿಗವೇನು?

ರಚನೆಯೂ ಸರಳ. ಒಂದೇ ಕ್ಯಾಮ್‌ಶಾಫ್ಟು, ಎಂಟೇ ವಾಲ್ವುಗಳು. ಅದನ್ನು ತಿರುಗಿಸುವುದು ಆಗಾಗ ಬದಲಿಸಬೇಕಾದ ರಬ್ಬರ್ ಬೆಲ್ಟಲ್ಲ, ಉಕ್ಕಿನ ಸರಪಳಿ. ಕಂಪನಿಯ ಪ್ರಮಾಣಿತ ಲೆಕ್ಕದಂತೆ ಒಂದು ಲೀಟರಿಗೆ 23.59 ಕಿಲೋಮೀಟರ್. ನಗರದ ಸಂದಣಿಯಲ್ಲಿ ಆ ಅಂಕಿ ಸಿಗದಾದರೂ, ಬಾಡಿಗೆ ಓಡಿಸಿ ಸಂಸಾರ ಸಾಗಿಸುವವರಿಗೆ ಸಿಕ್ಕಷ್ಟೇ ದೊಡ್ಡದು.

ಗಟ್ಟಿಗನಿಗೂ ಬರುವ ಕಾಯಿಲೆ

ಗಟ್ಟಿಯೆಂದ ಮಾತ್ರಕ್ಕೆ ಅಮರವಲ್ಲ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸಲು, ಸುಟ್ಟ ಹೊಗೆಯ ಒಂದಂಶವನ್ನು ಮತ್ತೆ ಒಳಕ್ಕೆ ಕಳುಹಿಸುವ ‘ಇ.ಜಿ.ಆರ್.’ ಎಂಬ ವಾಲ್ವು ಇದರಲ್ಲುಂಟು. ಮಸಿಯೂ ಎಣ್ಣೆಯ ಆವಿಯೂ ಬೆರೆತು ಅಲ್ಲಿ ಜಿಡ್ಡು ಕಟ್ಟುತ್ತದೆ. ಬೆಳಗ್ಗೆ ಶಾಲೆ, ಸಂಜೆ ಜಯನಗರದ ಮಾರುಕಟ್ಟೆ ಎಂದು ಎಂಜಿನ್ ಬಿಸಿಯೇರುವ ಮೊದಲೇ ಆರಿಸಿಬಿಡುವ ಕಾರಿಗೆ ಈ ಜಿಡ್ಡಿನ ಕಾಟ ಹೆಚ್ಚು. ಎಳೆತ ಕುಗ್ಗುವುದು, ಕಪ್ಪು ಹೊಗೆ ಕಾಣುವುದು ಅದರ ಲಕ್ಷಣ.

ಇಂಜೆಕ್ಟರುಗಳು ಇನ್ನೂ ಸೂಕ್ಷ್ಮ. ವಾಯುಮಂಡಲದ ಸಾವಿರ ಪಟ್ಟಿಗೂ ಮಿಕ್ಕಿದ ಒತ್ತಡದಲ್ಲಿ ಡೀಸೆಲ್ ಅವುಗಳ ಮೂಲಕ ಹೊರಬರುತ್ತದೆ. ಕೊಳೆ ಅಥವಾ ನೀರು ಬೆರೆತರೆ ಕೆಟ್ಟವೆಂದೇ ತಿಳಿಯಬೇಕು. ಆದುದರಿಂದ ಡೀಸೆಲ್ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸುವುದರಲ್ಲಿ ಜಿಪುಣತನ ಸಲ್ಲದು. ಟರ್ಬೊ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ. ಅದನ್ನು ಕಾಪಾಡುವುದು ಎಂಜಿನ್ ಎಣ್ಣೆಯೊಂದೇ. ದೀರ್ಘ ಪ್ರಯಾಣದ ನಂತರ ಒಂದು ನಿಮಿಷ ನಿಂತಲ್ಲೇ ಓಡಲು ಬಿಟ್ಟು ಆರಿಸುವುದು ಒಳ್ಳೆಯ ರೂಢಿ. ಎಂಜಿನ್ನಿನ ಒಡಲು ಅಲ್ಯುಮಿನಿಯಮ್ಮಿನದು. ಶಾಖ ಮಿತಿಮೀರಿದರೆ ಅದು ಕ್ಷಮಿಸದು. ಕೂಲೆಂಟಿನ ಮೇಲೆ ಕಣ್ಣಿರಬೇಕು.

ಇಟ್ಟುಕೊಳ್ಳುವುದೋ, ಕೊಡುವುದೋ?

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿ.ಎಸ್.-6 ನಿಯಮ ಜಾರಿಗೆ ಬಂದಾಗ ಇಟಿಯೋಸಿನ ಮಾರಾಟ ನಿಂತಿತು. ಎಂಜಿನ್ ದುರ್ಬಲವೆಂದಲ್ಲ, ಹೊಗೆಯ ಲೆಕ್ಕ ಬದಲಾಯಿತೆಂದು. ಬಿ.ಎಸ್.-4ರ ಡೀಸೆಲ್ ಕಾರಿಗೆ ಕಿಲೋಮೀಟರಿಗೆ 25 ಮಿಲಿಗ್ರಾಂ ಮಸಿಯವರೆಗೆ ಅನುಮತಿ ಇದ್ದಿತು. ಬಿ.ಎಸ್.-6ರಲ್ಲಿ ಅದು 4.5ಕ್ಕೆ ಇಳಿಯಿತು. ವರ್ಷಕ್ಕೆ 10,000 ಕಿಲೋಮೀಟರ್ ಓಡಿದರೆ, ಆ ಮಿತಿಗಳಂತೆ ಹಳೆಯದರದು ಕಾಲು ಕಿಲೋ ಮಸಿ. ಹೊಸದರದು 45 ಗ್ರಾಂ. ಹಳೆಯ ಕಾರಿನಲ್ಲಿ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇಲ್ಲ. ಪುಟ್ಟೇನಹಳ್ಳಿಯ ನಿವಾಸಿಗಳು 2010ರಲ್ಲಿ ಟ್ರಸ್ಟು ಕಟ್ಟಿಕೊಂಡು ಹಾಳುಬಿದ್ದ ಕೆರೆಗೆ ಮರುಜೀವ ಕೊಡಲು ತೊಡಗಿದವರು. ನೀರನ್ನು ಕಾದ ಊರಿಗೆ ಗಾಳಿಯ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಗೆದ್ದವರು ತಂದೆಯೋ, ಮಗನೋ? ಕಾರಿಗೆ ಇರುವ ಕೆಲಸವೇ ಅದನ್ನು ತೀರ್ಮಾನಿಸಬೇಕು. ವಾರಕ್ಕೊಮ್ಮೆ ಮೈಸೂರು, ಹಾಸನಗಳ ಹಾದಿ ಹಿಡಿಯುವ ಮನೆಯಲ್ಲಿ, ಎಣ್ಣೆ ಫಿಲ್ಟರುಗಳ ಲೆಕ್ಕ ತಪ್ಪದಿದ್ದರೆ, ತಪಾಸಣೆಯಲ್ಲಿ ಹೊಗೆ ಶುದ್ಧವೆಂದು ಕಂಡರೆ, ಅದನ್ನು ಗುಜರಿಗೆ ನೂಕುವ ಅವಸರವಿಲ್ಲ. ಎರಡು ಕಿಲೋಮೀಟರಿನ ಓಡಾಟಕ್ಕಷ್ಟೇ ಅದನ್ನು ಇಟ್ಟುಕೊಂಡಿದ್ದರೆ ಮಗನ ಮಾತೇ ಸರಿ. ಅದು ಎಂಜಿನ್ನಿಗೂ ಅಹಿತ, ನೆರೆಯವರ ಉಸಿರಿಗೂ ಅಹಿತ.

ಹದಿನೈದು ವರ್ಷ ದುಡಿದ ಯಂತ್ರ ಕೇಳುವುದು ಮಮತೆಯನ್ನಲ್ಲ. ತನಗೆ ತಕ್ಕ ಕೆಲಸವನ್ನು, ಹೊತ್ತಿಗೆ ಸರಿಯಾದ ಎಣ್ಣೆಯನ್ನು. ಅವೆರಡನ್ನೂ ಕೊಡಲಾರದ ಮನೆಯವರು ಅದನ್ನು ಕೊಡಬಲ್ಲವರ ಕೈಗೆ ಒಪ್ಪಿಸುವುದೇ ಮರ್ಯಾದೆ.