ಕಬಡ್ಡಿ: ಹೆಸರಿನ ಮೂಲ ಮತ್ತು ‘ಕೈಪಿಡಿ’ ವಾದ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯಲ್ಲಿ ಕಬಡ್ಡಿ ಊರೂರಿನ ಆಟ. ಅದರ ಹೆಸರಿನ ಮೂಲದ ಬಗ್ಗೆ ಪ್ರಚಲಿತವಾಗಿರುವ ಒಂದು ವಿವರಣೆಯಂತೆ, ‘ಕೈ’ ಮತ್ತು ‘ಪಿಡಿ’ ಎಂಬ ದ್ರಾವಿಡ ಪದಗಳು ಕೂಡಿ ‘ಕಬಡ್ಡಿ’ ಆಗಿದೆ. ಇದನ್ನು ತಮಿಳು ಮೂಲದ್ದೆಂದು ಹೇಳುವುದು ರೂಢಿ. ‘ಕೈಪಿಡಿ’ ನಮ್ಮಲ್ಲಿಯೂ ಇದೆಯೆಂದು ಕನ್ನಡಿಗರೂ ಪಾಲು ಕೇಳಬಹುದು. ಹಿಡಿಯುವವರು ಕೈ ಕೈ ಹಿಡಿದು ಸರಪಳಿಯಾಗಿ ನಿಲ್ಲುವುದರಿಂದ ಅರ್ಥವೂ ಹೊಂದುತ್ತದೆ. ಆದರೆ ಅರ್ಥ ಹೊಂದಿದ ಮಾತ್ರಕ್ಕೆ ನಿಷ್ಪತ್ತಿ ಸಿದ್ಧವಾಗದು, ಧ್ವನಿನಿಯಮವೂ ಒಪ್ಪಬೇಕು.

ಮೊದಲು ಕನ್ನಡವನ್ನು ನೋಡೋಣ. ‘ಕಣ್’ ಮತ್ತು ‘ಪನಿ’ ಸೇರಿ ‘ಕಂಬನಿ’ಯಾಗುವಾಗ ಪಕಾರವು ಬಕಾರವಾಗುವುದು ಅನುನಾಸಿಕದ ನೆರೆಯಲ್ಲಿ. ‘ಕೈ’ ಪದದಲ್ಲಿ ಅನುನಾಸಿಕವಿಲ್ಲ. ಹಳೆಯ ಕಾವ್ಯಭಾಷೆಯಲ್ಲಿ ದೊರೆಯುವ ರೂಪವೂ ‘ಕೈವಿಡಿ’. ಬಿಡಿ ಪದವಾದ ‘ಪಿಡಿ’ ಮುಂದೆ ‘ಹಿಡಿ’ಯಾಯಿತು. ನಾವು ಹೆಸರಿಸಿದ ನಾಲ್ಕು ತಾಲ್ಲೂಕುಗಳ ಗ್ರಾಮೀಣ ಆಡುನುಡಿಯಲ್ಲಿ ಪದಾದಿಯ ಹಕಾರ ಲೋಪವಾಗುವುದರಿಂದ, ‘ಹಾಲು’ ‘ಆಲು’ ಆದಂತೆ ‘ಹಿಡಿ’ಯೂ ‘ಇಡಿ’ಯಾಗುತ್ತದೆ. ಪ, ವ, ಹ, ಕೊನೆಗೆ ಲೋಪ: ಈ ಯಾವ ಹಾದಿಯೂ ಬಕಾರವನ್ನು ಮುಟ್ಟುವುದಿಲ್ಲ.

ತಮಿಳಿನಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಈ ಸಮಾಸದ ರೂಢಿಯ ರೂಪ ‘ಕೈಪ್ಪಿಡಿ’. ದ್ವಿತ್ವ ಪಕಾರವು ತಮಿಳಿನಲ್ಲಿ ಘೋಷವಾಗುವುದಿಲ್ಲ. ‘ಪಿಡಿ’ಯ ಒಂಟಿ ಡಕಾರವು ‘ಡ್ಡಿ’ಯಾದದ್ದಕ್ಕೂ ಇಕಾರವು ಅಕಾರವಾದದ್ದಕ್ಕೂ ಬೇರೆ ಬೇರೆ ಕಾರಣಗಳನ್ನು ಕೊಡಬೇಕಾಗುತ್ತದೆ. ಮೇಲಾಗಿ, ತಮಿಳುನಾಡಿನಲ್ಲಿ ಈ ಆಟದ ನಾಡಹೆಸರು ‘ಸಡುಗುಡು’.

ಆ ಹೆಸರೇ ಇನ್ನೊಂದು ದಾರಿಯನ್ನು ತೋರಿಸುತ್ತದೆ. ಮಹಾರಾಷ್ಟ್ರದ ‘ಹುತುತು’, ಬಂಗಾಳದ ‘ಹಾಡುಡು’, ತಮಿಳರ ‘ಸಡುಗುಡು’, ಇವುಗಳಲ್ಲಿ ಯಾವುದಕ್ಕೂ ನಿಘಂಟಿನ ಅರ್ಥವನ್ನು ಹುಡುಕಬೇಕಾಗಿಲ್ಲ. ಎದುರಾಳಿಯ ಅಂಕಣಕ್ಕೆ ನುಗ್ಗಿದವನು ಒಂದೇ ಉಸಿರಿನಲ್ಲಿ ಜಪಿಸುವ ನುಡಿಯೇ ಆಟಕ್ಕೆ ಹೆಸರಾಗಿದೆ. ನಾಲಗೆಗೆ ಸರಾಗವಾದ, ಎಡೆಬಿಡದೆ ಮರುಕಳಿಸಬಲ್ಲ ಅಕ್ಷರಗಳೇ ಇವುಗಳ ಗುಣ. ‘ಕಬಡ್ಡಿ ಕಬಡ್ಡಿ’ ಎಂಬುದೂ ಇದೇ ಬಳಗಕ್ಕೆ ಸೇರುತ್ತದೆ. ಆದ್ದರಿಂದ ಇದನ್ನು ಸಮಾಸವೆನ್ನುವುದಕ್ಕಿಂತ ಉಸಿರಾಟದ ನುಡಿಯೆನ್ನುವುದು ಹೆಚ್ಚು ಯುಕ್ತವೆಂದು ನಮ್ಮ ಅಭಿಪ್ರಾಯ.

ಈ ನುಡಿಗಳಲ್ಲಿ ಒಂದು ಉಳಿದವುಗಳನ್ನು ಹಿಂದಿಕ್ಕಿದ್ದು ಭಾಷೆಯ ಬಲದಿಂದಲ್ಲ, ನಿಯಮಾವಳಿಯ ಬಲದಿಂದ. ಸಂಘಟಿತ ಕ್ರೀಡೆಯಲ್ಲಿ ದಾಳಿಗಾರನು ‘ಕಬಡ್ಡಿ’ ಎಂದೇ ನುಡಿಯಬೇಕು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಸ್ಪರ್ಧೆಯಾದಾಗಲೂ ಆಟ ಹೋದದ್ದು ಈ ಹೆಸರಿನಲ್ಲಿಯೇ.

ಒಂದು ಪದದ ಹೋಲಿಕೆಯಿಂದ ಇಡೀ ಆಟದ ಒಡೆತನವನ್ನು ಒಂದು ಭಾಷೆಗೆ ಬರೆದುಕೊಟ್ಟರೆ, ಹುತುತು, ಹಾಡುಡು, ಸಡುಗುಡುಗಳನ್ನು ಆಡಿದವರ ಚರಿತ್ರೆ ಅಳಿಸಿಹೋಗುತ್ತದೆ. ತರಗತಿಯಲ್ಲಿ ‘ಕೈಪಿಡಿ’ಯ ಕಥೆಯನ್ನು ಹೇಳುವವರು ಈ ಹೆಸರುಗಳನ್ನೂ ಅದರ ಪಕ್ಕದಲ್ಲಿಯೇ ಬರೆದು, ವಿದ್ಯಾರ್ಥಿಗಳಿಗೆ ಧ್ವನಿನಿಯಮವನ್ನು ಪರೀಕ್ಷಿಸಲು ಬಿಡುವುದು ಒಳಿತು.